ಮದ್ರಿನ್ಯಾಗೆ ಕಳಿಸಿದ ಕೊಂಬೆ

ಕಾರ್ವಾಲ್ಯಲ್
ಮಾರ್ಚ್ 23, 1991, ಶನಿವಾರ

ಪ್ರೀತಿಯ ಮದ್ರಿನ್ಯಾ,

ಮೊದಲು, ನನ್ನ ಜ್ಞಾನಸ್ನಾನದ ತಾಯಿಯಾದ ನಿಮ್ಮ ಆಶೀರ್ವಾದ ಬೇಡುತ್ತೇನೆ. ಎದುರಿಗಿದ್ದಿದ್ದರೆ ನಿಮ್ಮ ಕೈಗೆ ಮುತ್ತಿಟ್ಟು ಕೇಳುತ್ತಿದ್ದೆ. ನೀವು ಹೊಲಿಗೆಯಿಂದ ಕಣ್ಣು ತೆಗೆಯದೆ "ದೇವರು ಚೆನ್ನಾಗಿಟ್ಟಿರ್ಲಿ ಮಗಳೇ" ಅನ್ನುತ್ತಿದ್ದಿರಿ, ಮತ್ತೆ ಯಂತ್ರದ ಸದ್ದು ಶುರುವಾಗುತ್ತಿತ್ತು. ಈಗ ಆ ಉತ್ತರವನ್ನು ನಾನೇ ಊಹಿಸಿಕೊಂಡು ಮುಂದೆ ಬರೆಯುತ್ತಿದ್ದೇನೆ.

ನಾಳೆ ಗರಿಗಳ ಭಾನುವಾರ, ಮಕ್ಕಳು ತಮ್ಮ ಮದ್ರಿನ್ಯಾಗೆ ಕೊಂಬೆ ಕೊಡುವ ದಿನ. ಅಮ್ಮನ ಕೈಯಲ್ಲಿ ಕೊಂಬೆ ಕಳಿಸಿದ್ದೇನೆ. ಆಲಿವ್ ಎಲೆ, ರೋಸ್‌ಮೆರಿ, ನಡುವೆ ನಮ್ಮ ಹಿತ್ತಲಿನ ಕಮೀಲಿಯಾ ಹೂವು. ನಡೆಯಲು ಕಲಿತ ಮೇಲೆ ನಾನೇ ತಂದುಕೊಡದೆ ಇರುವುದು ಇದೇ ಮೊದಲು. ರಿಬ್ಬನ್ ಕಟ್ಟಿದ್ದು ಅಮ್ಮ. ನಾನೂ ಕಟ್ಟಿ ನೋಡಿದೆ, ಗಂಟು ನಿಲ್ಲಲಿಲ್ಲ.

ನಿಮ್ಮ ಮನೆಯ ಏರು ಹತ್ತಲಾರದೆ ಹೀಗೆ ಮಾಡಿದಳು ಅಂದುಕೊಳ್ಳಬೇಡಿ. ಗೋಡೆ ಹಿಡಿದುಕೊಂಡು ನಿಧಾನವಾಗಿ ಹತ್ತಬಲ್ಲೆ. ಆದರೆ ನಿಮ್ಮ ಮುಂದೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನೀವು ಹಾಲು ಹಾಕಿದ ಕಾಫಿ ಮುಂದಿಟ್ಟು "ಮೊದ್ಲು ಕುಡಿ, ಮಾತು ಆಮೇಲೆ" ಅನ್ನುತ್ತೀರಿ. ಆ ಆಮೇಲೆ ಯಾವತ್ತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸೋಮವಾರ ನಾನು ಪಟ್ಟಣದ ಕಾರ್ಮಿಕ ಕಚೇರಿಗೆ ಹೋಗಬೇಕು. ಅಲ್ಲಿ ಏನು ಹೇಳಬೇಕು ಅಂತ ನೀವು ಹೇಳಿಕೊಟ್ಟಿದ್ದೀರಿ. "ಕೋಳಿಗೆ ಕಾಳು ಹಾಕೋಕೆ ಬಂದಿದ್ದೆ ಅನ್ನು, ಸಾಕು." ನಾಲ್ಕು ದಿನದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ನುಂಗಲಿಕ್ಕೂ ಆಗುತ್ತಿಲ್ಲ, ಉಗಿಯಲಿಕ್ಕೂ ಆಗುತ್ತಿಲ್ಲ.

ನಿಮ್ಮ ಬಗ್ಗೆ ನನಗೆ ದೂರಿಲ್ಲ. ಇದನ್ನು ಮೊದಲು ಬರೆದುಬಿಡಬೇಕು, ಆಮೇಲೆ ಬರೆದರೆ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತದೆ. ನೀವೂ ಅಮ್ಮನೂ ಹುಡುಗಿಯರಾಗಿದ್ದಾಗ ಒಂದೇ ಶೂ ಕಾರ್ಖಾನೆಯಲ್ಲಿದ್ದಿರಿ. ಪಾಯಿಖಾನೆಯ ಬಾಗಿಲಲ್ಲಿ ಮೇಸ್ತ್ರಿ ಗಡಿಯಾರ ಹಿಡಿದು ನಿಲ್ಲುತ್ತಿದ್ದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ. ದೇಶದಲ್ಲಿ ಕ್ರಾಂತಿಯಾದ ಮೇಲೆ ನೀವು ನಿಮ್ಮ ಮನೆಯ ಕೆಳಗೆ, ನಿಮ್ಮ ಮಾವ ದ್ರಾಕ್ಷಿ ತುಳಿಸುತ್ತಿದ್ದ ಕೋಣೆಯಲ್ಲಿ, ಎರಡು ಹಳೇ ಯಂತ್ರ ಇಟ್ಟುಕೊಂಡು ಶೂಗಳ ಮೇಲ್ಭಾಗ ಹೊಲಿಯಲು ಶುರು ಮಾಡಿದಿರಿ. ನನ್ನ ಹತ್ತಿರ ಕೆಲಸ ಮಾಡೋರ ಬಾಗಿಲಲ್ಲಿ ಯಾರೂ ಗಡಿಯಾರ ಹಿಡ್ಕೊಂಡು ನಿಲ್ಲಲ್ಲ ಅಂದಿರಂತೆ. ಆ ಮಾತು ನಡೆಸಿದಿರಿ. ಮಧ್ಯಾಹ್ನ ನಮ್ಮೆಲ್ಲರಿಗೂ ನಿಮ್ಮ ಮೇಜಿನ ಮೇಲೆಯೇ ಬಿಸಿ ಸೂಪು. ಕಾಸಿಲ್ಡಾಳ ಗಂಡ ಫ್ರಾನ್ಸಿನಿಂದ ಕಾಯಿಲೆ ಹೊತ್ತು ಬಂದಾಗ ಅವಳು ಅರ್ಧ ಚಳಿಗಾಲ ಕೆಲಸಕ್ಕೆ ಬರಲಿಲ್ಲ, ನೀವು ಅವಳ ಯಂತ್ರಕ್ಕೆ ಬಟ್ಟೆ ಹೊದಿಸಿ ಹಾಗೇ ಕಾದಿಟ್ಟಿರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ದೀಪ ಹಾಕುವವರು ನೀವು, ಆರಿಸುವವರೂ ನೀವು. ಅಂಟಿನ ಡಬ್ಬಕ್ಕೆ ಎಲ್ಲರಿಗಿಂತ ಹತ್ತಿರ ಕೂರುವವರೂ ನೀವೇ.

ನಾನು ಶಾಲೆ ಬಿಟ್ಟು ಬಂದಾಗ ಅಸ್ತರಿಗೆ ಅಂಟು ಬಳಿಯುವುದು, ಅಂಚು ಮಡಚಿ ಸಣ್ಣ ಸುತ್ತಿಗೆಯಿಂದ ತಟ್ಟುವುದು ಕಲಿಸಿದಿರಿ. ನನಗೆ ಆ ಕೆಲಸ ಇಷ್ಟವಾಗಿತ್ತು. ಯಾರೊಂದಿಗೂ ಮಾತಾಡಬೇಕಿಲ್ಲ. ತಲೆ ಬಗ್ಗಿಸಿಕೊಂಡಿದ್ದರೆ ದಿನ ಸರಿದುಹೋಗುತ್ತದೆ. ನಾನು ಮಡಚಿದ ಅಂಚನ್ನು ನೀವು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ಪಕ್ಕಕ್ಕಿಟ್ಟರೆ, ಅದೇ ಹೊಗಳಿಕೆ ಅಂತ ನನಗೆ ಗೊತ್ತಿತ್ತು.

ಆದರೆ ಚಳಿಗಾಲದಲ್ಲಿ ಆ ಕಿಟಕಿ ಮುಚ್ಚಿರುತ್ತದೆ. ಚಳಿಗೆ ಅಂಟು ಗಟ್ಟಿಯಾಗುತ್ತದೆ, ಕೈ ಮರಗಟ್ಟುತ್ತದೆ, ಮೂಲೆಯಲ್ಲಿ ಕರೆಂಟಿನ ಹೀಟರು. ಸಂಜೆ ಮನೆಗೆ ಹೋದರೆ ಅಂಟಿನ ವಾಸನೆಗೆ ನಮ್ಮ ಬೆಕ್ಕು ಕೂಡ ನನ್ನ ಹತ್ತಿರ ಮಲಗುತ್ತಿರಲಿಲ್ಲ. ಈ ಸಲದ ಚಳಿ ಶುರುವಾದಾಗ ಬೆರಳ ತುದಿ ಜುಮ್ ಅನ್ನತೊಡಗಿತು, ಆಮೇಲೆ ಪಾದ. ಕ್ರಿಸ್ಮಸ್ಸಿಗೆ ಮೊದಲು ಒಂದು ದಿನ ಕೋಣೆಯ ಈ ಕೊನೆಯಿಂದ ಆ ಕೊನೆಗೆ ನಡೆದು ಹೋದೆ. ಎಲ್ಲರೂ ನಗುತ್ತಿದ್ದರು. ತಿರುಗಿ ನೋಡಿದರೆ ನನ್ನ ಒಂದು ಮರದ ಮೆಟ್ಟು ಅರ್ಧ ದಾರಿಯಲ್ಲೇ ಬಿದ್ದಿತ್ತು. ಕಾಸಿಲ್ಡಾ, ಅವಳ ಬಾಯಿ ನಿಮಗೆ ಗೊತ್ತಲ್ಲ, "ಒತೀಲಿಯಾ, ಮದ್ವೆಗೆ ಮುಂಚೇನೇ ನಿನ್ನ ಮೆಟ್ಟು ನಿನ್ನ ಬಿಟ್ಟೋಯ್ತಲ್ಲೇ. ನನ್ ಗಂಡ ಮದ್ವೆ ಆಗೋವರ್ಗಾದ್ರೂ ಕಾದಿದ್ದ" ಅಂದಳು. ನಾನೂ ನಕ್ಕೆ. ನೀವೊಬ್ಬರೇ ನಗಲಿಲ್ಲ. ನಿಮ್ಮ ಹೊಸ ಲೇಸಿನ ಬೂಟು ನೋಡಿಯೂ ಅವಳು ಸುಮ್ಮನಿರಲಿಲ್ಲ. ಯಜಮಾನ್ತಿ ಸೈನ್ಯಕ್ಕೆ ಸೇರ್ಕೊಂಡ್ರು, ನಾವೆಲ್ಲ ಇನ್ಮೇಲೆ ಸೆಲ್ಯೂಟ್ ಹೊಡೀಬೇಕು ಅಂತ ಆ ಚಳಿಗಾಲವೆಲ್ಲ ಗೋಳುಹುಯ್ದುಕೊಂಡಳು.

ನೀವು ನನಗೆ ಹಂದಿಯ ಈಲಿ ತಂದು ತಿನ್ನಿಸಿದಿರಿ. ಮೀನೆಣ್ಣೆ ಕುಡಿಸಿದಿರಿ. "ರಕ್ತ ಇಲ್ಲ ನಿಂಗೆ, ಹಕ್ಕಿ ಹಾಗೆ ತಿಂತೀಯ. ಇನ್ನೇನು ಆಗುತ್ತೆ?" ಅಂದಿರಿ. ನಾನು ನಂಬಿದೆ.

ಆ ಯೂರೋಪಿನ ದುಡ್ಡಿನ ಅರ್ಜಿ ಹಾಕಿದ್ದೂ ಆ ತಿಂಗಳೇ. ಸಣ್ಣ ಕೈಗಾರಿಕೆಗಳಿಗೆ ಸಹಾಯ ಕೊಡುತ್ತಾರೆ, ಕೋಣೆಯ ಕೆಟ್ಟ ಗಾಳಿಯನ್ನು ಹೊರಗೆಳೆಯುವ ಯಂತ್ರ ಹಾಕಿಸಬಹುದು ಅಂತ ಲೆಕ್ಕಪತ್ರದವರು ಬಂದು ಹೇಳಿದರು. ಆದರೆ ಕೆಲಸದವರೆಲ್ಲರ ಹೆಸರೂ ಕಾಗದದಲ್ಲಿರಬೇಕು, ಎಲ್ಲರಿಗೂ ವಿಮೆ ಕಟ್ಟಿರಬೇಕು. ಅವರು ಒಬ್ಬೊಬ್ಬರದೇ ಹೆಸರು ಕೇಳುತ್ತಾ ಬಂದು ನನ್ನ ಕಡೆ ಪೆನ್ನು ತೋರಿಸಿದರು. "ಈ ಹುಡುಗಿ?" ನೀವು ತಲೆಯೆತ್ತದೆ, "ಅವಳು ನನ್ನ ಮಗಳು. ಮನೆ ಮಗಳಿಗ್ಯಾಕೆ ಕಾಗದ?" ಅಂದಿರಿ.

ಮದ್ರಿನ್ಯಾ, ಆವತ್ತು ನನಗೆ ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಬೀನ್ಸ್ ಸುಲಿಯುತ್ತಿದ್ದಳು. "ಹೌದಾ" ಅಂತ ಅಷ್ಟೇ ಅಂದಳು.

ಇನ್ನು ಮಂಗಳವಾರದ ಮಾತು. ಸಂತ ಜೋಸೆಫರ ಹಬ್ಬ. ಕೆಳಗಿನ ಕಾಫಿ ಅಂಗಡಿಯವರು ಎಂದಿನಂತೆ ಫೋನು ಮಾಡಿ "ಬ್ರೆಡ್ ಸೀದೋಗ್ತಿದೆ ನೋಡ್ಕೊಳ್ಳಿ" ಅಂದರು. ಅಂದರೆ ಕಾರ್ಮಿಕ ಕಚೇರಿಯ ಇನ್ಸ್‌ಪೆಕ್ಟರ್ ಕಾರು ಬಂದಿದೆ ಅಂತ. ನನಗೆ ಅಭ್ಯಾಸವಾದ ಕೆಲಸ. ಬಾಗಿಲ ಹಿಂದೆ ತೂಗುಹಾಕಿದ ಬುಟ್ಟಿ ತಗೊಂಡು ಹಿತ್ತಲಿಗೆ ಓಡಿ, ಕಾರು ಹೋಗುವವರೆಗೂ ಗೂಡಿನಲ್ಲಿ ಮೊಟ್ಟೆ ಹುಡುಕುವುದು. ಎಷ್ಟು ಸಲ ಹಾಗೆ ನಿಂತಿದ್ದೇನೆ ಅಂದರೆ ನಿಮ್ಮ ಕೋಳಿಗಳು ನನ್ನನ್ನು ಕಂಡು ಗಾಬರಿಯಾಗುವುದನ್ನೂ ಬಿಟ್ಟಿವೆ. ಆದರೆ ಮಂಗಳವಾರ ಹಿತ್ತಲ ಬಾಗಿಲಿನ ಕಲ್ಲಿನ ಮೆಟ್ಟಿಲ ಮೇಲೆ ಪಾದ ಇಟ್ಟೆ ಅಂದುಕೊಂಡೆ, ಇಟ್ಟಿರಲಿಲ್ಲ. ಬುಟ್ಟಿ ಸಮೇತ ಬಿದ್ದೆ. ಎತ್ತಲು ಬಂದವರು ಆ ಇನ್ಸ್‌ಪೆಕ್ಟರ್ ಹೆಂಗಸೇ.

ನನಗಿಂತ ಹೆಚ್ಚೇನೂ ದೊಡ್ಡವರಲ್ಲ. "ನೀವ್ಯಾರು?" ಅಂತ ಕೇಳಿದರು. ಸುಮ್ಮನೆ ಪಕ್ಕದ ಮನೆಯವಳು ಅನ್ನಬಹುದಿತ್ತು. ಆದರೆ ನನಗೆ ಅರ್ಜಿಯ ದಿನದ ನಿಮ್ಮ ಮಾತು ನೆನಪಾಯಿತು. ಮನೆಮಗಳಿಗೆ ಕಾಗದ ಬೇಡ. ಜ್ಞಾನಸ್ನಾನದ ದಿನ ನನ್ನನ್ನು ತೊಟ್ಟಿಯ ಮೇಲೆ ಎತ್ತಿ ಹಿಡಿದವರು ನೀವು, ನನ್ನ ಪರವಾಗಿ ದೇವರಿಗೆ ಮಾತು ಕೊಟ್ಟವರು ನೀವು, ಅದಕ್ಕಿಂತ ದೊಡ್ಡ ಸಂಬಂಧ ಯಾವುದಿದೆ ಅಂದುಕೊಂಡೆ. ಇಡೀ ಕೋಣೆಗೆ ಕೇಳುವ ಹಾಗೆ, ನಾನು, ಯಾವತ್ತೂ ಬಾಯಿಬಿಡದವಳು, "ಇವರು ನನ್ನ ಮದ್ರಿನ್ಯಾ. ನಾನು ಇವರ ಜ್ಞಾನಸ್ನಾನದ ಮಗಳು. ಮನೆಯವಳೇ. ದಿನಾ ಬರ್ತೀನಿ" ಅಂದೆ.

ದಿನಾ ಬರ್ತೀನಿ ಅಂದದ್ದು ನಾನೇ. ನಿಮ್ಮನ್ನು ಉಳಿಸುತ್ತಿದ್ದೇನೆ ಅಂತಲೇ ಅಂದೆ.

ಆಕೆ ರಕ್ತಸಂಬಂಧ ಇದೆಯಾ ಅಂತ ಕೇಳಿದರು. ಆಗ ಕಾಸಿಲ್ಡಾ ಯಂತ್ರದ ಹಿಂದಿನಿಂದ, "ಮೇಡಂ, ಈ ಊರಲ್ಲಿ ಅರ್ಧ ಜನ ಇವ್ರ ಜ್ಞಾನಸ್ನಾನದ ಮಕ್ಕಳೇ. ಎಲ್ರನ್ನೂ ಬರ್ಕೊಳ್ಳೋಕೆ ಹೋದ್ರೆ ನಿಮ್ಮ ಪೆನ್ ಖಾಲಿಯಾಗುತ್ತೆ" ಅಂದಳು. ಇನ್ಸ್‌ಪೆಕ್ಟರಿಗೂ ನಗು ಬಂತು. ಆದರೆ ನಗುತ್ತಲೇ ನನ್ನ ಕೈ ಹಿಡಿದು ಬೆರಳು ನೋಡಿದರು. ಉಗುರಿನ ಸುತ್ತ ಅಂಟು ಒಣಗಿ ಹಳದಿಯಾಗಿತ್ತು. "ಚರ್ಚಿನಲ್ಲಿ ಇವರು ನಿಮ್ಮ ಮಗಳಾಗಿರಬಹುದು ದೋನಾ ದಿಯೊಲಿಂಡಾ, ಕಾನೂನಿನಲ್ಲಿ ಇವರು ಕೆಲಸದವರು" ಅಂದರು. ಸೋಮವಾರ ಕಚೇರಿಗೆ ಬಂದು ಹೇಳಿಕೆ ಕೊಡಬೇಕು ಅಂತ ನನಗೆ ಹೇಳಿದರು. ಆಮೇಲೆ ಮೆಟ್ಟಿಲ ಮೇಲೆ ಉಳಿದಿದ್ದ ನನ್ನ ಮೆಟ್ಟು ತಂದು ಕಾಲ ಹತ್ತಿರ ಇಟ್ಟರು. ನಾನು ಅದರೊಳಗೆ ಕಾಲು ತೂರಿಸಲು ಪಡುತ್ತಿದ್ದ ಪಾಡು ನೋಡುತ್ತಾ, "ಯಾವಾಗಿಂದ ಹೀಗಿದೆ?" ಅಂತ ಮೆಲ್ಲಗೆ ಕೇಳಿದರು.

ಇಷ್ಟು ವರ್ಷದಿಂದ ಜೊತೆಗೆ ಕೂತವರು ಯಾರೂ ಕೇಳದ ಪ್ರಶ್ನೆ ಅದು. ನನಗೆ ಅಳು ಬಂತು. ಅದಕ್ಕೆ ನಾಚಿಕೆಯಾಗಿ ಇನ್ನೂ ಅಳು ಬಂತು.

ಅದೇ ಸಂಜೆ ನೀವು ನಮ್ಮ ಮನೆಗೆ ಬಂದಿರಿ, ಹೊಗೆ ಕೊಟ್ಟ ಸಾಸೇಜ್ ಸುತ್ತಿಕೊಂಡು. ನಿಮ್ಮ ಮುಖದಲ್ಲಿ ಬಣ್ಣವಿರಲಿಲ್ಲ. ನೀವು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದೇ ಕಷ್ಟ. ನನ್ನ ಹೆಸರು ಹೊರಬಂದರೆ ಅರ್ಜಿ ಬಿದ್ದುಹೋಗಬಹುದು, ಮೇಲೆ ದಂಡ. ಗಾಳಿಯ ಯಂತ್ರ ಬರುವುದಿಲ್ಲ. ಹೊಲಿಯಲು ಕೊಡುವ ಶೂ ಕಾರ್ಖಾನೆಯವರಿಗೆ ವಿಷಯ ಗೊತ್ತಾದರೆ ನಮಗೆ ಚರ್ಮ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಅವರಿಗೇನು, ನಮ್ಮ ಹೊಲಿಗೆಯ ಮೇಲೆ ಅವರ ಮುದ್ರೆ ಬೀಳುತ್ತದೆ, ನಮ್ಮ ಕಾಲಿನ ಮೇಲೆ ಬೀಳುವುದಿಲ್ಲ. ನೀವು ದರ ಏರಿಸಿ ಅಂದಾಗೆಲ್ಲ ಅವರು, ಮೊರೊಕ್ಕೊದಲ್ಲಿ ಇನ್ನೂ ಅಗ್ಗಕ್ಕೆ ಹೊಲಿಯುತ್ತಾರೆ ಅನ್ನುತ್ತಾರೆ. "ಆರು ಮನೆ ಒಲೆ ಹತ್ತೋದು ಆ ಕೋಣೆಯಿಂದ. ನಿನ್ನೊಬ್ಬಳ ಮಾತಿಗೆ ಅಷ್ಟೂ ಆರಿಹೋಗ್ಬೇಕಾ? ನಿನ್ನನ್ನ ನಾನು ನೋಡ್ಕೊಳ್ಳಲ್ವಾ ಮಗಳೇ? ಯಾವತ್ತಾದ್ರೂ ಕೈಬಿಟ್ಟಿದೀನಾ?" ಅಂದಿರಿ.

ಅಮ್ಮ ಅಷ್ಟು ಹೊತ್ತು ಒಲೆಯ ಕಡೆ ಮುಖ ಮಾಡಿಕೊಂಡಿದ್ದಳು. ತಿರುಗದೆಯೇ, "ದಿಯೊಲಿಂಡಾ, ಗಡಿಯಾರ ಹಿಡ್ಕೊಂಡು ನಿಲ್ತಿದ್ದನಲ್ಲ, ಅವ್ನೂ ನೋಡ್ಕೋತೀನಿ ಅಂತ್ಲೇ ಹೇಳ್ತಿದ್ದ" ಅಂದಳು.

ನೀವು ಎದ್ದು ಹೋದಿರಿ. ಅಮ್ಮ ಆ ಸಾಸೇಜನ್ನು ಬಚ್ಚಿಟ್ಟಿದ್ದಾಳೆ, ಬಿಸಾಡಲೂ ಇಲ್ಲ, ಬೇಯಿಸಲೂ ಇಲ್ಲ. ನಿಮ್ಮಿಬ್ಬರದು ನನಗಿಂತ ಹಳೇ ಸ್ನೇಹ. ಅವಳು ಆ ಮಾತು ಆಡಿ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ ಅಂತ ನಿಮಗೆ ತಿಳಿದಿರಲಿ. ಕೊಂಬೆ ತಂದಾಗ ಅವಳನ್ನು ಬಾಗಿಲಲ್ಲೇ ನಿಲ್ಲಿಸಬೇಡಿ.

ಗುರುವಾರ ನಾನು ಆಸ್ಪತ್ರೆಗೆ ಹೋದೆ. ನಿಮಗೆ ಹೇಳಲಿಲ್ಲ. ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ನಾನು ದಿನವಿಡೀ ಅಂಚು ತಟ್ಟುತ್ತಿದ್ದೆನಲ್ಲ, ಅಷ್ಟೇ ಮೆತ್ತಗೆ. ಕಾಲು ಅಲ್ಲಾಡಲಿಲ್ಲ. ಮತ್ತೆ ತಟ್ಟಿದರು. ಇಲ್ಲ. ಕಣ್ಣು ಮುಚ್ಚಿಸಿ ಹೆಬ್ಬೆರಳು ಹಿಡಿದು, ಮೇಲಕ್ಕೋ ಕೆಳಕ್ಕೋ ಅಂತ ಕೇಳಿದರು. ಅವರು ಹಿಡಿದಿದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇದು ರಕ್ತದ ಕೊರತೆಯಲ್ಲವಂತೆ. ಅಂಟಿನ ಆವಿ ನರ ತಿನ್ನುತ್ತದಂತೆ. ಈಗಲೇ ಅದರಿಂದ ದೂರವಾದರೆ ನಿಧಾನವಾಗಿ, ತುಂಬಾ ನಿಧಾನವಾಗಿ, ಸ್ವಲ್ಪ ವಾಪಸ್ ಬರಬಹುದು. ಅಲ್ಲೇ ಇದ್ದರೆ ಮೇಲಕ್ಕೆ ಹತ್ತುತ್ತದೆ. ಕೆಲಸದಿಂದ ಬಂದ ರೋಗ ಅಂತ ದಾಖಲಾದರೆ ಔಷಧಿ, ವ್ಯಾಯಾಮ, ಕೆಲಸ ಬಿಟ್ಟು ಮನೆಯಲ್ಲಿ ಕೂತಷ್ಟು ದಿನದ ಸಂಬಳ ಎಲ್ಲವೂ ವಿಮೆಯಿಂದ ಸಿಗುತ್ತದೆ ಅಂದರು. "ಎಲ್ಲಿ ಕೆಲಸ ಮಾಡ್ತೀಯಮ್ಮ?" ಅಂತ ಪೆನ್ನು ತೆಗೆದರು.

"ಮನೇಲಿ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಮನೇಲಿರೋರಿಗೆ ಇದು ಬರೋದಿಲ್ಲ" ಅಂದರು. ಬೈಯಲಿಲ್ಲ. ಅವರಿಗೂ ಸುಸ್ತಾಗಿತ್ತು ಅನ್ನಿಸುತ್ತದೆ. ಹೊರಗೆ ಇನ್ನೂ ತುಂಬಾ ಜನ ಕಾಯುತ್ತಿದ್ದರು. ಅವರಲ್ಲಿ ಎಷ್ಟು ಹೆಂಗಸರ ಉಗುರು ಹಳದಿಯಿತ್ತು ಅಂತ ಬರುವಾಗ ನೋಡಬಾರದು ಅಂದುಕೊಂಡೂ ನೋಡಿದೆ.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ನನ್ನದು ದೊಡ್ಡ ತಲೆಯಲ್ಲ. ಆದರೂ ಇಷ್ಟು ಹೊಳೆಯಿತು. ನಾನು ಕೋಳಿಗೆ ಕಾಳು ಹಾಕೋಕೆ ಬಂದಿದ್ದೆ ಅಂದರೆ, ನನ್ನ ಕಾಲಿಗೆ ಏನಾಯಿತೋ ಅದು ಎಲ್ಲೂ ಆಗಲಿಲ್ಲ ಅಂತಾಗುತ್ತದೆ. ಗಾಳಿಯ ಯಂತ್ರ ಬಂದರೂ ಅದು ಯಾಕೆ ಬೇಕಾಗಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಚಳಿಗಾಲದಲ್ಲಿ ಕರೆಂಟಿನ ಬಿಲ್ಲು ಜಾಸ್ತಿ ಬಂತು ಅಂತ ಒಂದು ದಿನ ಅದನ್ನೂ ಆರಿಸುತ್ತೀರಿ. ನೀವು ಕೆಟ್ಟವರು ಅಂತಲ್ಲ. ಕಾರ್ಖಾನೆಯವರು ದರ ಇಳಿಸಿದಾಗ ನೀವು ಇನ್ನೇನನ್ನು ಇಳಿಸಬಲ್ಲಿರಿ?

ಇನ್ಸ್‌ಪೆಕ್ಟರು ಹೋಗುವಾಗ ಗೇಟಿನ ಹತ್ತಿರ ನನಗೊಬ್ಬಳಿಗೇ ಒಂದು ಮಾತು ಹೇಳಿದ್ದರು. ಯಜಮಾನಿ ತಾನೇ ಕಚೇರಿಗೆ ಬಂದು ಬಿಟ್ಟುಹೋದ ಹೆಸರನ್ನು ಸೇರಿಸಿದರೆ ಅದು ಬೇರೆ ಮಾತಾಗುತ್ತದಂತೆ. ದಂಡ ತಪ್ಪುವುದಿಲ್ಲ, ಆದರೆ ಕಂತಿನಲ್ಲಿ ಕಟ್ಟಬಹುದು. ಅರ್ಜಿ ಉಳಿಯುತ್ತದೋ ಇಲ್ಲವೋ ಅವರ ಕೈಯಲ್ಲಿಲ್ಲ, ಯಂತ್ರ ಮೊದಲು ಬೇಕಾದ ಜಾಗ ಇದೇ ಅಂತ ಅವರು ಬರೆಯುತ್ತಾರಂತೆ. "ಇಂಥ ಕೋಣೆಗಳನ್ನ ಮುಚ್ಚಿಸ್ತಾ ಹೋದ್ರೆ ಎಲ್ರೂ ಮನೆಮನೇಲಿ ಅಡುಗೆ ಒಲೆ ಪಕ್ಕ ಕೂತು ಅಂಟು ಬಳೀತಾರೆ. ಆಗ ನಾನು ಯಾರ ಬಾಗಿಲು ತಟ್ಲಿ?" ಅಂದರು. ಈ ಮಾತನ್ನು ನಿಮಗೆ ಆವತ್ತೇ ಹೇಳಬೇಕಿತ್ತು. ನೀವು ಮಾತಾಡುತ್ತಲೇ ಇದ್ದಿರಿ, ನನಗೆ ಸಂದು ಸಿಗಲಿಲ್ಲ.

ಅದಕ್ಕೇ ಈಗ ಕೇಳುತ್ತಿದ್ದೇನೆ. ಸೋಮವಾರ ನನ್ನ ಜೊತೆ ಬನ್ನಿ, ಮದ್ರಿನ್ಯಾ. ನನ್ನ ಹೆಸರನ್ನು ನೀವೇ ಬರೆಸಿ. ಜ್ಞಾನಸ್ನಾನದ ದಿನ ಪಾದ್ರಿ ಹೆಸರೇನು ಅಂತ ಕೇಳಿದಾಗ ಒತೀಲಿಯಾ ಅಂತ ಹೇಳಿದ್ದು ನೀವೇ ಅಲ್ಲವೇ. ಅಮ್ಮನಿಗೆ ಬೇರೆ ಹೆಸರು ಇಷ್ಟವಿತ್ತಂತೆ, ನೀವು ಕೇಳಲಿಲ್ಲವಂತೆ. ಇನ್ನೊಂದು ಸಲ ಹೇಳಿ.

ಬರದಿದ್ದರೂ ನಾನು ಹೋಗುತ್ತೇನೆ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳುತ್ತೇನೆ. ಕಾಸಿಲ್ಡಾ ನನ್ನ ಮುಖ ನೋಡದೆ ಇರಬಹುದು. ಊರಿನಲ್ಲಿ ಅನ್ನ ಹಾಕಿದ ಮನೆಗೆ ಕಲ್ಲು ಹೊಡೆದಳು ಅನ್ನಬಹುದು. ಅದಕ್ಕೆಲ್ಲ ಹೆದರುವಷ್ಟು ಶಕ್ತಿಯೂ ಈಗ ನನ್ನಲ್ಲಿಲ್ಲ. ಸಿಟ್ಟು ಅಂತೂ ಇಲ್ಲವೇ ಇಲ್ಲ. ದಣಿದಿದ್ದೇನೆ, ಅಷ್ಟೇ. ಇಪ್ಪತ್ತು ವರ್ಷಕ್ಕೆ ಹೀಗೆ ದಣಿಯುತ್ತಾರಾ ಅಂತ ಡಾಕ್ಟರನ್ನು ಕೇಳಬೇಕು ಅಂದುಕೊಂಡಿದ್ದೆ, ಮರೆತೆ.

ಕೊಂಬೆ ತಗೊಂಡ ಮದ್ರಿನ್ಯಾ ಈಸ್ಟರ್ ದಿನ ಫೊಲಾರ್ ರೊಟ್ಟಿ ಕೊಡಬೇಕು. ನಿಮ್ಮ ಕೈಯ ಫೊಲಾರ್ ಮೇಲೆ ಕೂರಿಸಿದ ಮೊಟ್ಟೆಯನ್ನು ನಾನು ಯಾವಾಗಲೂ ಕೊನೆಗೆ ತಿನ್ನುತ್ತಿದ್ದೆ. ಈ ವರ್ಷ ಕಳಿಸುವುದು ಬಿಡುವುದು ನಿಮಗೆ ಸೇರಿದ್ದು, ಕಳಿಸದಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ. ಆದರೆ ಕೊಂಬೆ ಕಳಿಸುವುದು ನನ್ನ ಪಾಲಿನದು, ಅದನ್ನು ನಾನು ಬಿಡಲಾರೆ.

ಬೆಳಿಗ್ಗೆಯ ಮೊದಲ ಬಸ್ಸಿಗೆ ಚಾಪೆಲ್ಲಿನ ತಿರುವಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ.

ಕಾನೂನಿನಲ್ಲಿ ಏನೇ ಆಗಲಿ,
ನಿಮ್ಮ ಜ್ಞಾನಸ್ನಾನದ ಮಗಳು
ಒತೀಲಿಯಾ

ಮತ್ತೆ: ಇದನ್ನು ಬರೆಯಬಾರದು ಅಂತಿದ್ದೆ. ನವೆಂಬರಿನಲ್ಲಿ ಸತ್ತವರ ಹಬ್ಬದ ಪೂಜೆಗೆ ನಾನು ನಿಮ್ಮ ಹಿಂದಿನ ಬೆಂಚಿನಲ್ಲಿದ್ದೆ. ನೀವು ಪರಮಪ್ರಸಾದಕ್ಕೆ ಎದ್ದು ಹೋದಾಗ ನಿಮ್ಮ ಎಡಗಾಲಿನ ಶೂ ಬೆಂಚಿನ ಕೆಳಗೇ ಉಳಿಯಿತು. ಬರೀ ಕಾಲುಚೀಲದಲ್ಲಿ ಆ ತಣ್ಣನೆಯ ಕಲ್ಲಿನ ಮೇಲೆ ಪೀಠದವರೆಗೂ ನಡೆದಿರಿ, ಹಾಗೇ ತಿರುಗಿ ಬಂದಿರಿ. ನಿಮಗೆ ತಿಳಿಯಲಿಲ್ಲ. ನಾನು ಬಗ್ಗಿ ಶೂವನ್ನು ನೆಟ್ಟಗೆ ಮಾಡಿಟ್ಟೆ. ನೀವು ಕೂತ ಮೇಲೆ ಅದನ್ನು ಕಂಡು, ಆ ಕಡೆ ಈ ಕಡೆ ನೋಡಿ, ಕೈಯಿಂದ ಹಿಡಿದು ಕಾಲಿಗೆ ತೊಡಿಸಿಕೊಂಡಿರಿ. ಮುಂದಿನ ವಾರ ಲೇಸಿನ ಬೂಟು ಬಂತು. ಯಾರಿಗೂ ಹೇಳಿಲ್ಲ, ಅಮ್ಮನಿಗೂ. ನಾನು ಹೋದ ಆಸ್ಪತ್ರೆ ಕಾರ್ಮಿಕ ಕಚೇರಿಯ ಹಿಂದಿನ ಬೀದಿಯಲ್ಲೇ ಇದೆ, ಸೋಮವಾರ ಎರಡೂ ಮುಗಿಸಿಕೊಂಡು ಬರಬಹುದು. ಬರುವಾಗ ಲೇಸು ಬಿಗಿಯಾಗಿ ಕಟ್ಟಿಕೊಳ್ಳಿ. ಬಸ್ಸಿನ ಮೆಟ್ಟಿಲು ಎತ್ತರ.